ಕಲೆ, ಕಱೆ ಮತ್ತು ಮೆರುಗು: ವಾಹನದ ಬಣ್ಣಕ್ಕಂಟಿದ ಆಹಾರದ ಕಲೆಗಳು

ಕನ್ನಡದಲ್ಲಿ ‘ಕಲೆ’ ಎಂಬ ಒಂದೇ ಉಚ್ಚಾರಣೆಯಲ್ಲಿ ಎರಡು ಬೇರೆ ಪದಗಳು ಅಡಗಿವೆ. ಒಂದು ಸಂಸ್ಕೃತದ ‘ಕಲಾ’ ಶಬ್ದದಿಂದ ಬಂದದ್ದು. ಶಿಲ್ಪ, ಸಂಗೀತಗಳಿಗೆ ಸಲ್ಲುವಂಥದು. ಇನ್ನೊಂದು ದೇಶ್ಯ, ಮೈಮೇಲಿನ ಗಾಯದ ಗುರುತಿಗೂ ಬಟ್ಟೆಯ ಮೇಲಿನ ಕೊಳೆಯ ಗುರುತಿಗೂ ಸಲ್ಲುವಂಥದು. ಈ ಎರಡನೆಯದಕ್ಕೆ ನೆರೆಯಾಗಿ ಹಳಗನ್ನಡದಲ್ಲಿ ಶಕಟರೇಫದಿಂದ ಬರೆಯುತ್ತಿದ್ದ ‘ಕಱೆ’ ಎಂಬ ಪದವಿದೆ. ಕಪ್ಪು, ಕಳಂಕ ಎಂದು ಅದರ ಅರ್ಥ. ಶಕಟರೇಫವು ಬಳಕೆ ತಪ್ಪಿದ ಮೇಲೆ ಅದು ದಡವನ್ನೂ ಕೂಗನ್ನೂ ಹೇಳುವ ‘ಕರೆ’ಗಳೊಡನೆ ರೂಪದಲ್ಲಿ ಒಂದಾಗಿಹೋಯಿತು. ಗಡಿಭಾಗದ ಆಡುಮಾತಿಗೆ ಮರಾಠಿಯ ‘ಡಾಗ’ವೂ ಪರಿಚಿತ, ಅದರ ಬೇರು ಪಾರಸಿಯಲ್ಲಿದೆ.

ಪದಗಳು ಹೀಗೆ ಹಲವಾಗಿದ್ದರೂ ಬಳಕೆಯಲ್ಲಿ ಎಲ್ಲ ಕಲೆಗಳನ್ನೂ ಒಂದೇ ಎಂದು ಎಣಿಸುವುದು ರೂಢಿ. ಕಲೆ ಕಂಡೊಡನೆ ಕೈಗೆ ಸಿಕ್ಕ ಬಟ್ಟೆಯಿಂದ ಬಲವಾಗಿ ಉಜ್ಜುವುದೇ ಸಾಮಾನ್ಯವಾದ ಉಪಾಯ. ಹಿತ್ತಾಳೆಯ ಕೊಡಕ್ಕೆ ಇದು ಸಲ್ಲಬಹುದು. ವಾಹನದ ಬಣ್ಣಕ್ಕೆ ಸಲ್ಲದು. ಕೊಲ್ಹಾಪುರದ ಮಿಸಳದ ಎಣ್ಣೆ, ಗಡಹಿಂಗ್ಲಜದ ಬೆಲ್ಲ, ಪೂಜೆಯ ಅರಿಸಿನ, ಹಿಂಡಿದ ಲಿಂಬೆ ಇವು ಒಂದೊಂದೂ ಒಂದೊಂದು ಸ್ವಭಾವದವು. ಯಾವುದು ಯಾವುದರಲ್ಲಿ ಕರಗುತ್ತದೆ ಎಂಬುದನ್ನು ಅರಿಯದೆ ಉಜ್ಜಿದರೆ ಕಲೆಯ ಜೊತೆಗೆ ಬಣ್ಣವೂ ಸವೆಯುತ್ತದೆ. ಕಂತಿನ ಸಾಲದಲ್ಲಿ ಕೊಂಡ ದ್ವಿಚಕ್ರ ವಾಹನದಲ್ಲಿ ದಿನವೂ ಕಾಲೇಜಿಗೆ ಬರುವ ವಿದ್ಯಾರ್ಥಿಗೂ ಬಾಡಿಗೆಯ ಟೆಂಪೊ ನಂಬಿ ಬದುಕುವ ಸಂಸಾರಕ್ಕೂ ಇದು ಸಣ್ಣ ನಷ್ಟವಲ್ಲ. ಮಾರುವ ದಿನ ವಾಹನಕ್ಕೆ ಬೆಲೆ ಕಟ್ಟುವವರು ಮೊದಲು ನೋಡುವುದು ಅದರ ಮೈಯನ್ನೇ.

ಬಣ್ಣವೆಂಬ ತೆಳುಪದರ

ಕಾರ್ಖಾನೆಯಿಂದ ಬರುವ ಇಂದಿನ ಕಾರಿನ ಬಣ್ಣವು ಒಂದೇ ಪದರದ್ದಲ್ಲ. ಉಕ್ಕಿನ ತಗಡಿನ ಮೇಲೆ ಮೊದಲು ತುಕ್ಕನ್ನು ತಡೆಯುವ ಪದರ, ಅದರ ಮೇಲೆ ಮೈಯನ್ನು ಸಮಗೊಳಿಸುವ ಪ್ರೈಮರ್, ಆಮೇಲೆ ಕಣ್ಣಿಗೆ ಕಾಣುವ ಬಣ್ಣ, ಕೊನೆಗೆ ಬಣ್ಣವಿಲ್ಲದ ಪಾರದರ್ಶಕ ಹೊದಿಕೆ ಹೀಗೆ ಅದರ ರಚನೆ. ಕೊನೆಯ ಹೊದಿಕೆಯನ್ನು ‘ಕ್ಲಿಯರ್ ಕೋಟ್’ ಎನ್ನುತ್ತಾರೆ. ವಾಹನದ ಮೆರುಗೆಲ್ಲ ಇರುವುದು ಇದರಲ್ಲಿಯೇ. ಈ ಎಲ್ಲ ಪದರಗಳನ್ನು ಕೂಡಿಸಿದರೂ ದಪ್ಪವು ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ಮಾತ್ರ. ಅಂದರೆ ಬರೆಯುವ ಕಾಗದದ ಒಂದು ಹಾಳೆಗಿಂತ ತುಸು ಹೆಚ್ಚು. ಅದರಲ್ಲಿ ಮೇಲಿನ ಹೊದಿಕೆಯ ಪಾಲು ಸುಮಾರು 35ರಿಂದ 50 ಮೈಕ್ರಾನ್. ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್.

ಚರ್ಮವು ಗೀರಿದರೆ ಮತ್ತೆ ಬೆಳೆಯುತ್ತದೆ. ಈ ಹೊದಿಕೆ ಬೆಳೆಯುವುದಿಲ್ಲ. ಪ್ರತಿ ಸಲದ ಒರಟು ಉಜ್ಜುವಿಕೆಯೂ ಅದರಿಂದ ಒಂದಿಷ್ಟನ್ನು ಕಳೆಯುತ್ತದೆ. ಹೊದಿಕೆ ತೀರಿದ ಕಡೆ ಬಣ್ಣವು ಬಿಸಿಲಿಗೆ ನೇರವಾಗಿ ಒಡ್ಡಿಕೊಂಡು ಬಿಳಿಚಿಕೊಳ್ಳುತ್ತದೆ. ಅಲ್ಲಿ ಮತ್ತೆ ಬಣ್ಣ ಹೊಡೆಸುವುದಲ್ಲದೆ ಬೇರೆ ದಾರಿಯಿಲ್ಲ.

ಎಲ್ಲ ವಾಹನಗಳಿಗೂ ಈ ಹೊದಿಕೆ ಇರುವುದಿಲ್ಲ. ಕೈಯಿಂದ ಬಣ್ಣ ಬಳಿದ ಲಾರಿ, ಟ್ರ್ಯಾಕ್ಟರಿನ ಟ್ರೇಲರುಗಳಲ್ಲಿ ಬಣ್ಣವೇ ಕೊನೆಯ ಪದರ. ಗುರುತಿಸುವ ಉಪಾಯ ಸುಲಭ. ಕಾಣದ ಒಂದು ಮೂಲೆಯಲ್ಲಿ ಪಾಲಿಶ್ ಹಚ್ಚಿದ ಬಿಳಿಯ ಬಟ್ಟೆಯನ್ನು ಮೆಲ್ಲನೆ ಆಡಿಸಬೇಕು. ಬಟ್ಟೆಗೆ ವಾಹನದ ಬಣ್ಣ ಹತ್ತಿದರೆ ಅಲ್ಲಿ ಹೊದಿಕೆಯಿಲ್ಲವೆಂದು ತಿಳಿಯಬಹುದು. ಅಂಥ ಕಡೆ ಇನ್ನೂ ಹಗುರವಾದ ಕೈ ಬೇಕು.

ಕಲೆಗಳ ಕುಲ

ಮೊದಲನೆಯದು ಸಿಹಿಯ ಕುಲ. ಪಂಚಗಂಗೆ, ಹಿರಣ್ಯಕೇಶಿಗಳ ಬಯಲು ಕಬ್ಬಿನ ನಾಡು. ಹಂಗಾಮು ಬಂದಿತೆಂದರೆ ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಬೆಲ್ಲ ಕಾಯಿಸುವ ಕೊಪ್ಪರಿಗೆಗಳ ವಾಸನೆ. ತೆಂಕಣ ಕನ್ನಡದಲ್ಲಿ ಆಲೆಮನೆಯೆಂದೂ ಬಡಗಣ ಕನ್ನಡದಲ್ಲಿ ಗಾಣವೆಂದೂ ಮರಾಠಿಯಲ್ಲಿ ಗುರ್‍ಹಾಳವೆಂದೂ ಕರೆಯುವ ಈ ಸ್ಥಳಗಳಿಂದ ಬೆಲ್ಲದ ಪೆಂಟೆಗಳು ಗಡಹಿಂಗ್ಲಜದ ಪೇಟೆಗೂ ಕೊಲ್ಹಾಪುರದ ಪೇಟೆಗೂ ಟೆಂಪೊಗಳಲ್ಲಿ ಸಾಗುತ್ತವೆ. ಬೆಲ್ಲ ಬೆವರಿ ಇಳಿದ ಪಾಕ, ಗಾಡಿಯಂಗಡಿಯಲ್ಲಿ ಚೆಲ್ಲಿದ ಕಬ್ಬಿನ ಹಾಲು, ವಾಹನದ ಮುಂದೆ ಒಡೆದ ತೆಂಗಿನಕಾಯಿಯ ನೀರು, ಚಹ ಇವೆಲ್ಲ ಒಣಗಿದಾಗ ಗಾಜಿನಂತೆ ಗಟ್ಟಿಯಾಗಿ ಬಣ್ಣಕ್ಕೆ ಕಚ್ಚಿಕೊಳ್ಳುತ್ತವೆ. ನೋಡಲು ಬಹು ಹಟಮಾರಿಯೆಂದು ತೋರುವ ಈ ಕಲೆಯೇ ಎಲ್ಲಕ್ಕಿಂತ ಸೌಮ್ಯವಾದುದು. ಒಂದು ಲೀಟರ್ ತಣ್ಣೀರು ಸುಮಾರು ಎರಡು ಕಿಲೋ ಸಕ್ಕರೆಯನ್ನು ಕರಗಿಸಿಕೊಳ್ಳಬಲ್ಲುದು. ಆದುದರಿಂದ ಇಲ್ಲಿ ಬೇಕಾದುದು ನೀರು ಮತ್ತು ಸಮಯ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆದ ಮೆತ್ತನೆಯ ಬಟ್ಟೆಯನ್ನು ಕಲೆಯ ಮೇಲೆ ಹತ್ತು ನಿಮಿಷ ಹೊದಿಸಿಟ್ಟರೆ ಗಟ್ಟಿಯಾದ ಪಾಕವು ತಾನಾಗಿ ಸಡಿಲುತ್ತದೆ. ಉಗುರಿನಿಂದಲೋ ಚಾಕುವಿನಿಂದಲೋ ಎಬ್ಬಿಸಲು ಹೊರಟರೆ ಪಾಕದ ಚೂರಿನೊಡನೆ ಬಣ್ಣದ ಚೂರೂ ಎದ್ದುಬರಬಹುದು.

ಎರಡನೆಯದು ಜಿಡ್ಡಿನ ಕುಲ. ಕೊಲ್ಹಾಪುರದ ಮಿಸಳದ ಮೇಲೆ ತೇಲುವ ಕೆಂಪು ‘ಕಟ್’, ಮಾಂಸದೂಟದ ತಾಂಬಡಾ ರಸ್ಸಾ ಇವುಗಳ ಕೆಂಪಿಗೆ ಕಾರಣ ಮೆಣಸಿನಕಾಯಿಯ ಕ್ಯಾಪ್ಸಾಂಥಿನ್ ಮೊದಲಾದ ವರ್ಣದ್ರವ್ಯಗಳು. ಗಡಹಿಂಗ್ಲಜದ ಪೇಟೆಗೆ ಬರುವ ಸಂಕೇಶ್ವರಿ ಮೆಣಸಿನಕಾಯಿಯಲ್ಲಿ ಇರುವುದೂ ಇವೇ. ಈ ದ್ರವ್ಯಗಳು ಎಣ್ಣೆಯಲ್ಲಿ ಕರಗುತ್ತವೆ, ನೀರಿನಲ್ಲಿ ಕರಗವು. ಆದ್ದರಿಂದ ಬರಿಯ ನೀರು ಸುರಿದಷ್ಟೂ ಎಣ್ಣೆ ಹರಡಿ ಕಲೆ ಹಿರಿದಾಗುತ್ತದೆಯೇ ಹೊರತು ಹೋಗುವುದಿಲ್ಲ. ಇಲ್ಲಿ ನೀರಿಗೂ ಎಣ್ಣೆಗೂ ನಡುವೆ ಸಂಧಾನ ಮಾಡುವ ವಸ್ತು ಬೇಕು. ಸಾಬೂನಿನ ಅಣುವಿಗೆ ಎರಡು ತುದಿ. ಒಂದು ನೀರನ್ನು ಬಯಸುತ್ತದೆ, ಇನ್ನೊಂದು ಜಿಡ್ಡನ್ನು ಹಿಡಿಯುತ್ತದೆ. ಹಿಂದೆ ಅಂಟವಾಳ, ಸೀಗೆಗಳು ತಲೆಯ ಎಣ್ಣೆಯನ್ನು ತೊಳೆಯುತ್ತಿದ್ದುದೂ ಇದೇ ಗುಣದಿಂದ. ವಾಹನಕ್ಕೆ ವಾಹನದ ಶಾಂಪೂವೇ ಉತ್ತಮ. ಅದರಲ್ಲಿ ಬಣ್ಣವನ್ನು ಕೆಡಿಸುವಷ್ಟು ಕ್ಷಾರವಾಗಲಿ ಮರಳಿನಂಥ ಪುಡಿಯಾಗಲಿ ಇರುವುದಿಲ್ಲ. ಈ ಸಂದರ್ಭದಲ್ಲಿ ಒಂದು ಭಾಷಾವಿಚಾರ: ಬೇಳೆ ಬೇಯಿಸಿ ಬಸಿದ ನೀರನ್ನು ಕನ್ನಡದ ಅಡುಗೆಮನೆ ‘ಕಟ್ಟು’ ಎನ್ನುತ್ತದೆ, ಹೋಳಿಗೆಯ ದಿನದ ಕಟ್ಟಿನ ಸಾರು ಎಲ್ಲರಿಗೂ ತಿಳಿದದ್ದು. ಮರಾಠಿಯ ‘ಕಟ್’ ಮತ್ತು ‘ಕಟಾಚೀ ಆಮಟಿ’ಗಳನ್ನು ಇದರೊಡನೆ ಇಟ್ಟು ನಿಘಂಟುಗಳಲ್ಲಿ ಹುಡುಕುವುದು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ.

ಮೂರನೆಯದು ಅರಿಸಿನ. ಇದು ತಾನೇ ಒಂದು ಕುಲ. ಇದರ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಎಂಬ ದ್ರವ್ಯವನ್ನು ಯುರೋಪಿನ ರಸಾಯನಶಾಸ್ತ್ರಜ್ಞರು 1815ರಲ್ಲಿ ಮೊದಲು ಬೇರ್ಪಡಿಸಿದರು. ಅದರ ರಚನೆ ತಿಳಿದದ್ದು 1910ರಲ್ಲಿ. ಇದು ನೀರಿನಲ್ಲಿ ಕರಗುವುದಿಲ್ಲ. ಎಣ್ಣೆ ಮತ್ತು ಮದ್ಯಸಾರಗಳಲ್ಲಿ ಕರಗುತ್ತದೆ. ಇದರ ಇನ್ನೊಂದು ಗುಣ ಪ್ರತಿಯೊಂದು ಮನೆಗೂ ಗೊತ್ತು. ಅರಿಸಿನದ ನೀರಿಗೆ ಸುಣ್ಣ ಸೇರಿಸಿದರೆ ಕೆಂಪು ಓಕುಳಿಯಾಗುತ್ತದೆ. ಮದುಮಕ್ಕಳಿಗೆ ಎತ್ತುವ ಆರತಿಯ ತಟ್ಟೆಯಲ್ಲಿರುವುದು ಇದೇ. ಸಾಂಪ್ರದಾಯಿಕ ಕುಂಕುಮವನ್ನು ಅರಿಸಿನದಿಂದ ಮಾಡುವುದೂ ಈ ಗುಣದಿಂದಲೇ. ಕ್ಷಾರ ತಗುಲಿದೊಡನೆ ಹಳದಿ ಕೆಂಪಾಗುತ್ತದೆ. ಬಿಳಿಯ ಕಾರಿನ ಮೇಲಿನ ಅರಿಸಿನದ ಕಲೆಗೆ ಬಟ್ಟೆಯ ಸಾಬೂನನ್ನೋ ಸೋಡಾವನ್ನೋ ಹಚ್ಚಿದವರು ಕಲೆ ಕೆಂಪಾದುದನ್ನು ಕಂಡು ಗಾಬರಿಯಾಗುವುದುಂಟು. ಅಲ್ಲಿ ನಡೆದದ್ದು ಓಕುಳಿಯ ರಸಾಯನವೇ.

ಅರಿಸಿನಕ್ಕೆ ಮೊದಲು ಶಾಂಪೂವಿನಿಂದ ಎಣ್ಣೆಯಂಶವನ್ನು ತೆಗೆಯಬೇಕು. ಉಳಿದ ಹಳದಿಗೆ ಔಷಧದ ಅಂಗಡಿಯಲ್ಲಿ ಸಿಗುವ ಐಸೊಪ್ರೊಪಿಲ್ ಆಲ್ಕೋಹಾಲನ್ನು ಒಂದು ಪಾಲಿಗೆ ಮೂರು ನಾಲ್ಕು ಪಾಲು ನೀರು ಬೆರೆಸಿ, ಬಟ್ಟೆಗೆ ತಾಗಿಸಿ, ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಬಳಿಕ ಕಲೆಯ ಮೇಲೆ ಒತ್ತಿ ಎತ್ತಬೇಕು. ಕೂಡಲೆ ನೀರಿನಿಂದ ತೊಳೆಯಬೇಕು. ಇದು ಬೆಂಕಿ ಹತ್ತುವ ದ್ರವವಾದ್ದರಿಂದ ಬಿಸಿ ಎಂಜಿನ್ನಿನ ಬಳಿ ಬಳಸಬಾರದು. ಆಗಲೂ ಉಳಿಯುವ ತೆಳುಹಳದಿಗೆ ಮದ್ದು ಬಿಸಿಲು. ಬೆಳಕಿಗೆ ಕರ್ಕ್ಯುಮಿನ್ ಒಡೆಯುತ್ತದೆ. ಕೆಲವು ದಿನ ಹೊರಗೆ ನಿಲ್ಲಿಸಿದ ವಾಹನದಲ್ಲಿ ಹಳದಿ ತಾನೇ ಮಾಸುತ್ತದೆ. ಅರಿಸಿನದ ಸೀರೆಯನ್ನು ಬಿಸಿಲಿಗೆ ಹಾಕುವ ಅಜ್ಜಿಯರಿಗೆ ಈ ಸಂಗತಿ ಹೊಸದಲ್ಲ.

ನಾಲ್ಕನೆಯದು ಹುಳಿಯ ಕುಲ. ರಂಕಾಳದ ದಂಡೆಯಲ್ಲಿ ಸ್ಕೂಟರಿನ ಮೇಲೆಯೇ ಕುಳಿತು ಭೇಲ್ ತಿನ್ನುವವರ ಕೈಯಿಂದ ಜಾರುವ ಹುಣಿಸೆಯ ಚಟ್ನಿ, ದೃಷ್ಟಿ ತೆಗೆಯಲು ಕೊಯ್ದ ಲಿಂಬೆ, ಮೊಸರು ಇವು ಈ ಕುಲದವು. ಇವುಗಳಲ್ಲಿ ಬಣ್ಣ ಕಡಿಮೆ, ಆಮ್ಲ ಹೆಚ್ಚು. ಬಿಸಿಲಿಗೆ ನೀರು ಆರಿದಂತೆಲ್ಲ ಉಳಿದ ಹನಿಯಲ್ಲಿ ಆಮ್ಲದ ಕಟುತ್ವ ಏರುತ್ತದೆ. ಅದು ಪಾರದರ್ಶಕ ಹೊದಿಕೆಯನ್ನು ಕೊರೆದು ಮಂಕಾದ ಗುರುತನ್ನು ಉಳಿಸುತ್ತದೆ. ಬಣ್ಣದ ಮೇಲೆ ಏನೋ ಕುಳಿತಿದೆ ಎಂದು ತಿಳಿದು ಅದನ್ನು ಉಜ್ಜುವವರಿದ್ದಾರೆ. ಅಲ್ಲಿ ಕುಳಿತದ್ದು ಏನೂ ಇಲ್ಲ, ಇದ್ದದ್ದು ಕರಗಿಹೋಗಿದೆ. ಗಾಯದ ಗುರುತು ಎಂಬ ‘ಕಲೆ’ಯ ಅರ್ಥ ಇಲ್ಲಿ ಯಥಾವತ್ತಾಗಿ ಹೊಂದುತ್ತದೆ. ಹುಳಿಗೆ ಒಂದೇ ಮದ್ದು ಶೀಘ್ರತೆ. ಬಿದ್ದ ಕೂಡಲೆ ಕುಡಿಯುವ ನೀರಿನ ಬಾಟಲಿಯನ್ನಾದರೂ ಸುರಿದುಬಿಡಬೇಕು.

ಐದನೆಯದು ಮೊಟ್ಟೆ ಮತ್ತು ಹಾಲಿನ ಕುಲ. ಇವುಗಳಲ್ಲಿರುವ ಪ್ರೋಟೀನು ಒಣಗಿದಾಗ ಅಂಟಿನಂತೆ ಕಚ್ಚಿಕೊಳ್ಳುತ್ತದೆ. ಮೊಟ್ಟೆಯ ಬಿಳಿಯ ಭಾಗ ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿನ ಮೇಲೆ ಹೆಪ್ಪುಗಟ್ಟತೊಡಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಕಪ್ಪು ಕಾರಿನ ಬಾನೆಟ್ ಆ ಬಿಸಿಯನ್ನು ಮುಟ್ಟಬಲ್ಲುದು. ಹೆಪ್ಪಾದ ಮೊಟ್ಟೆ ಒಣಗುತ್ತ ಕುಗ್ಗುವಾಗ ತನ್ನ ಕೆಳಗಿನ ಹೊದಿಕೆಯನ್ನೂ ಸೆಳೆಯುತ್ತದೆ. ಸಿಹಿಗೆ ಬೆಚ್ಚನೆಯ ನೀರು ಹಿತವಾದರೆ ಇದಕ್ಕೆ ತಣ್ಣೀರೇ ಹಿತ. ಸುಡುನೀರು ಸುರಿದರೆ ಕಲೆ ಬೆಂದು ಗಟ್ಟಿಯಾಗುತ್ತದೆ.

ಕ್ರಿಯಾಪದಗಳ ಕ್ರಮ

ಕಲೆಯ ಕುಲವನ್ನು ಗುರುತಿಸಿದ ಮೇಲೆ ಕೈಯ ಕೆಲಸ. ಅದಕ್ಕೆ ಕನ್ನಡದಲ್ಲಿ ಬಲು ಸೂಕ್ಷ್ಮವಾದ ಕ್ರಿಯಾಪದಗಳಿವೆ: ನೆನೆಸು, ತೊಳೆ, ಒರಸು, ತಿಕ್ಕು, ಕೆರೆ. ಇವು ಒಂದಕ್ಕಿಂತ ಒಂದು ಬಲವಾದವು. ವಾಹನದ ಬಣ್ಣದ ವಿಚಾರದಲ್ಲಿ ಈ ಸಾಲಿನ ಮೊದಲ ತುದಿಯಿಂದ ಹೊರಡಬೇಕು. ಕೊನೆಯ ತುದಿಯನ್ನು ಮುಟ್ಟಲೇಬಾರದು.

ನೆನೆಸುವುದಕ್ಕೆ ಮೊದಲು ವಾಹನ ನೆರಳಿನಲ್ಲಿ ತಣ್ಣಗಾಗಿರಬೇಕು. ಬಿಸಿಯಾದ ತಗಡಿನ ಮೇಲೆ ಶಾಂಪೂ ಒಣಗಿ ತಾನೇ ಇನ್ನೊಂದು ಕಲೆಯಾಗುತ್ತದೆ. ನೆನೆಸುವುದೆಂದರೆ ಕಾಯುವುದು, ಒದ್ದೆಬಟ್ಟೆ ತನ್ನ ಕೆಲಸವನ್ನು ತಾನೇ ಮಾಡುತ್ತದೆ. ಬಳಿಕ ತೊಳೆಯುವುದು. ಮೇಲಿನಿಂದ ಕೆಳಕ್ಕೆ ನೀರು ಹಾಯಿಸಿ ಧೂಳನ್ನೆಲ್ಲ ಇಳಿಸಬೇಕು. ಎರಡು ಬಕೆಟ್ ಇದ್ದರೆ ಒಳ್ಳೆಯದು. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿನೀರು. ಒಂದೇ ಬಕೆಟ್ಟಾದರೆ ಬಟ್ಟೆ ಬಿಟ್ಟ ಮರಳು ಮತ್ತೆ ಬಟ್ಟೆಗೇ ಹತ್ತಿ ಬಣ್ಣವನ್ನು ಗೀರುತ್ತದೆ.

ಮೂರನೆಯ ಕ್ರಿಯೆ ಒರಸುವುದು. ‘ಒರಸು’ ಎಂಬುದಕ್ಕೂ ‘ಒರೆ’ ಎಂಬುದಕ್ಕೂ ನಂಟಿದೆ. ಒರೆಗಲ್ಲಿನ ಮೇಲೆ ಚಿನ್ನವನ್ನು ಉಜ್ಜಿದಾಗ ಕಲ್ಲು ಚಿನ್ನದ ಒಂದು ಗೆರೆಯನ್ನು ಪಡೆದುಕೊಳ್ಳುತ್ತದೆ. ಧೂಳು ತುಂಬಿದ ವಾಹನವನ್ನು ಒಣಬಟ್ಟೆಯಿಂದ ಒರಸಿದಾಗ ನಡೆಯುವುದೂ ಅದೇ. ಧೂಳಿನ ಕಣವು ಒರೆಗಲ್ಲಾಗಿ ಬಣ್ಣದ ಒಂದು ಗೆರೆಯನ್ನು ತೆಗೆದುಕೊಳ್ಳುತ್ತದೆ. ಬಿಸಿಲಿನಲ್ಲಿ ಕಪ್ಪು ವಾಹನಗಳ ಮೈಮೇಲೆ ಜೇಡರಬಲೆಯಂತೆ ಕಾಣುವ ಸುರುಳಿಗೀರುಗಳು ಹೀಗೆ ಹುಟ್ಟಿದವು. ಜೋತಿಬಾ ಯಾತ್ರೆಯಿಂದ ಗುಲಾಲು ತುಂಬಿಕೊಂಡು ಬಂದ ವಾಹನಕ್ಕೂ ಈ ಮಾತು ಅನ್ವಯಿಸುತ್ತದೆ. ಪುಡಿಯನ್ನು ಮೊದಲು ನೀರಿನ ರಭಸದಿಂದಲೇ ಇಳಿಸಬೇಕು; ಬಟ್ಟೆ ಆಮೇಲಿನದು.

ತಿಕ್ಕುವುದು ಭಾಂಡೆಗಳ ಕೆಲಸ. ಬಣ್ಣದ ಮೇಲೆ ಅದರ ಹತ್ತಿರದ ಕ್ರಿಯೆಯೆಂದರೆ ಪಾಲಿಶ್. ಹುಳಿ ಕೊರೆದ ಮಂಕು ಗುರುತಿಗೆ ಮಾತ್ರ ಇದರ ಅವಶ್ಯಕತೆ. ಪಾಲಿಶಾಗಲಿ ಅದಕ್ಕಿಂತ ಒರಟಾದ ರಬ್ಬಿಂಗ್ ಕಾಂಪೌಂಡಾಗಲಿ ಕಲೆಯನ್ನು ಕರಗಿಸುವುದಿಲ್ಲ. ಸುತ್ತಲಿನ ಹೊದಿಕೆಯನ್ನು ತೆಳುವಾಗಿ ಹೆರೆದು ಕುಳಿಯ ಮಟ್ಟಕ್ಕೆ ಇಳಿಸುತ್ತದೆ. ಮೆರುಗು ಬಂದಿತೆಂದು ಕಂಡರೂ ದಪ್ಪ ಕಡಿಮೆಯಾಗಿರುತ್ತದೆ. ಆದುದರಿಂದ ಅದು ಕಟ್ಟಕಡೆಯ ಉಪಾಯ. ಮೆರುಗಿಲ್ಲದ ಮ್ಯಾಟ್ ಬಣ್ಣದ ವಾಹನಕ್ಕೆ ಅದನ್ನು ಹಚ್ಚಲೇಬಾರದು. ಹಚ್ಚಿದ ಜಾಗ ಮಾತ್ರ ಮಿನುಗಿ ಹೊಸ ಕಲೆಯಾಗಿ ಉಳಿಯುತ್ತದೆ.

ಬಟ್ಟೆಯ ಆಯ್ಕೆ

ಒರಸುವುದಕ್ಕೆ ಎಂಥ ಬಟ್ಟೆ ಎಂಬ ಪ್ರಶ್ನೆಗೆ ಇಚಲಕರಂಜಿಯಲ್ಲಿ ಬೇರೆಯದೇ ಮಹತ್ವವಿದೆ. 1904ರಲ್ಲಿ ಮೊದಲ ಯಂತ್ರಮಗ್ಗವನ್ನು ಕಂಡ ಈ ಊರು ಇಂದು ಮಗ್ಗಗಳ ಸದ್ದಿನಿಂದಲೇ ಗುರುತಾಗುವ ನಗರ. ಬಟ್ಟೆಯ ತುಂಡು, ನೂಲಿನ ಚಿಂದಿ ಇಲ್ಲಿ ಧಾರಾಳ. ಗ್ಯಾರೇಜುಗಳಲ್ಲಿ ಕೈ ಒರಸಲು ಬಳಸುವ ‘ವೇಸ್ಟ್’ ಇದೇ. ಕೈಗೂ ಎಂಜಿನ್ನಿಗೂ ಅದು ಸರಿ, ಬಣ್ಣಕ್ಕೆ ಸರಿಯಲ್ಲ. ಮಗ್ಗದಿಂದ ಇಳಿದ ಕೋರಾ ಬಟ್ಟೆಯ ಹಾಸುನೂಲಿಗೆ ಗಂಜಿ ಹಾಕಿರುತ್ತಾರೆ. ಇದನ್ನೇ ಅಲ್ಲಿ ‘ಸೈಜಿಂಗ್’ ಎನ್ನುವುದು. ಗಂಜಿಯಿಂದ ಬಿರುಸಾದ ನೂಲು ಬಣ್ಣವನ್ನು ಗೀರುತ್ತದೆ; ಒದ್ದೆಯಾದಾಗ ಗಂಜಿಯೂ ಬಿಟ್ಟು ಬಿಳಿಯ ಪೊರೆಯಾಗುತ್ತದೆ. ಗ್ಯಾರೇಜಿನ ಚಿಂದಿಯಲ್ಲಿ ಲೋಹದ ಪುಡಿಯೂ ಇರಬಹುದು. ಹಲವು ಸಲ ಒಗೆದು ಮೆತ್ತಗಾದ ಹಳೆಯ ಹತ್ತಿಪಂಚೆ ಇದಕ್ಕಿಂತ ಎಷ್ಟೋ ಮೇಲು. ಮೈಕ್ರೋಫೈಬರ್ ಬಟ್ಟೆ ಎಲ್ಲಕ್ಕಿಂತ ಉತ್ತಮ. ಅದರ ಅತಿ ಸಣ್ಣ ಎಳೆಗಳು ಕೊಳೆಯನ್ನು ತಳ್ಳದೆ ಎಳೆಗಳ ನಡುವೆ ಎತ್ತಿಕೊಳ್ಳುತ್ತವೆ. ಯಾವ ಬಟ್ಟೆಯೇ ಆಗಲಿ, ಒಮ್ಮೆ ನೆಲಕ್ಕೆ ಬಿದ್ದರೆ ಒಗೆಯುವವರೆಗೆ ಅದನ್ನು ಬಣ್ಣಕ್ಕೆ ತಾಗಿಸಬಾರದು.

ನೀರಿನ ವಿಚಾರವೂ ಇದರೊಡನೆ ಬರುತ್ತದೆ. ಕುಡಿಯುವ ನೀರಿಗಾಗಿಯೇ ವರುಷಗಳಿಂದ ಹೋರಾಡುತ್ತಿರುವ ಊರಿನಲ್ಲಿ ಒಂದು ಚಮಚ ಪಾಕಕ್ಕಾಗಿ ಇಡೀ ವಾಹನಕ್ಕೆ ಕೊಳವೆ ಹಿಡಿಯುವುದು ಉಚಿತವಲ್ಲ. ಕಲೆ ಬಿದ್ದ ಭಾಗವನ್ನಷ್ಟೇ ನೆನೆಸಿ ತೊಳೆದರೆ ಅರ್ಧ ಬಕೆಟ್ಟಿನಲ್ಲಿ ಕೆಲಸ ಮುಗಿಯುತ್ತದೆ. ಪಂಚಗಂಗೆಯ ದಂಡೆಗೆ ವಾಹನವನ್ನು ಇಳಿಸಿ ತೊಳೆಯುವುದರಿಂದ ಎಣ್ಣೆ, ಸಾಬೂನುಗಳೆಲ್ಲ ನದಿಗೇ ಸೇರುತ್ತವೆ.

ವರ್ಜ್ಯವಾದವು

ಮನೆಯ ಬುದ್ಧಿವಂತಿಕೆ ಸೂಚಿಸುವ ಕೆಲವು ಉಪಾಯಗಳು ಬಣ್ಣಕ್ಕೆ ಹಾನಿಕರ. ಬೂದಿ, ತೆಂಗಿನ ನಾರು, ಭಾಂಡೆ ತಿಕ್ಕುವ ಸೋಪು, ತಂತಿಯ ಉಂಡೆ, ಹಲ್ಲಿನ ಪೇಸ್ಟು ಇವೆಲ್ಲವೂ ಗೀರುವಂಥವು. ಸೀಮೆಎಣ್ಣೆ ಜಿಡ್ಡನ್ನು ಕರಗಿಸಿ ತನ್ನದೇ ಜಿಡ್ಡನ್ನು ಬಿಟ್ಟುಹೋಗುತ್ತದೆ. ಪೆಟ್ರೋಲು ಬೆಂಕಿಯ ಅಪಾಯವುಳ್ಳದ್ದು. ಥಿನ್ನರು ಬಣ್ಣವನ್ನೇ ಕರಗಿಸಬಲ್ಲುದು. ಅಪಘಾತದ ಬಳಿಕ ಗ್ಯಾರೇಜಿನಲ್ಲಿ ಮರಳಿ ಹೊಡೆಸಿದ ಬಣ್ಣಕ್ಕಂತೂ ಅದು ಶತ್ರು. ಲಿಂಬೆಯ ಹುಳಿಗೆ ಸೋಡಾ ಹಚ್ಚಿ ಶಮನಗೊಳಿಸಬೇಕೆಂಬ ಯೋಚನೆಯೂ ಬೇಡ. ಒಂದು ಕಟುವಿನ ಜಾಗಕ್ಕೆ ಇನ್ನೊಂದು ಕಟು ಬಂದೀತು. ಧಾರಾಳವಾದ ಬರಿನೀರೇ ಅಲ್ಲಿ ಸಾಕು.

ಪೂಜೆಯ ಗುರುತು

ತೆಗೆಯಲು ಮನಸ್ಸೊಪ್ಪದ ಕಲೆಗಳೂ ಇವೆ. ಗಡಿಯ ಈಚೆ ಆಯುಧಪೂಜೆ, ಆಚೆ ಖಂಡೇನವಮಿ. ಎರಡೂ ಕಡೆ ಅಂದು ವಾಹನಕ್ಕೆ ಅರಿಸಿನ ಕುಂಕುಮವಿಟ್ಟು, ಹೂಮಾಲೆ ಹಾಕಿ, ಕಾಯಿ ಒಡೆದು, ಚಕ್ರದಡಿ ಲಿಂಬೆಯಿಡುತ್ತಾರೆ. ಗುಢಿಪಾಡವೆಯ ದಿನ ಮನೆಗೆ ಬಂದ ಹೊಸ ವಾಹನಕ್ಕೂ ಇದೇ ಸತ್ಕಾರ. ಬಾನೆಟ್ಟಿನ ಮೇಲೆ ಬರೆದ ಸ್ವಸ್ತಿಕವನ್ನು ಅದೇ ದಿನ ತೊಳೆಯುವುದು ಅಮಂಗಳವೆಂದು ಹಿರಿಯರು ತಡೆಯುತ್ತಾರೆ. ವಾರಗಟ್ಟಲೆ ಬಿಟ್ಟರೆ ಎಣ್ಣೆ ಬೆರೆತ ಅರಿಸಿನ ಹೊದಿಕೆಗೆ ಇಳಿಯುತ್ತದೆ. ಈಗಿನ ಕುಂಕುಮದಲ್ಲಿ ಕೃತಕ ಬಣ್ಣವಿದ್ದರೆ ಬಿಸಿಲಿಗೂ ಅದು ಮಾಸದು. ಆದರೆ ಭಕ್ತಿಗೂ ಬಣ್ಣಕ್ಕೂ ಜಗಳವೇನೂ ಬೇಕಿಲ್ಲ. ಪೂಜೆಗೆ ಮುನ್ನ ವಾಹನಕ್ಕೆ ಮೇಣದ ಪಾಲಿಶ್ ಹಚ್ಚಿದ್ದರೆ ಅರಿಸಿನ ಮೇಣದ ಮೇಲೆ ಕೂರುತ್ತದೆ, ಬಣ್ಣದ ಮೇಲಲ್ಲ. ಎಣ್ಣೆಯ ಬದಲು ನೀರಿನಲ್ಲಿ ಕಲಸಿದ ಅರಿಸಿನ ಬೇಗ ಬಿಡುತ್ತದೆ. ಬಣ್ಣದ ತಗಡಿಗೆ ಬದಲಾಗಿ ಗಾಜಿನ ಅಂಚಿಗೆ ಇಟ್ಟ ಬೊಟ್ಟು ಕಲೆಯನ್ನೇ ಉಳಿಸುವುದಿಲ್ಲ. ಪೂಜಿಸಿದ ದೇವರನ್ನು ಉದ್ವಾಸನೆ ಮಾಡಿ ಕಳುಹಿಸುವ ಸಂಪ್ರದಾಯವೇ ಇರುವಾಗ, ಮರುದಿನ ಬೆಳಿಗ್ಗೆ ವಾಹನದ ಗುರುತುಗಳನ್ನು ಮೆತ್ತನೆಯ ಒದ್ದೆಬಟ್ಟೆಯಿಂದ ತೆಗೆಯುವುದನ್ನೂ ಆ ವಿಧಿಯ ಕೊನೆಯ ಅಂಗವೆಂದೇ ತಿಳಿಯಬಹುದು.

ಕಲೆ ಹೋದ ಮೇಲೆ ಆ ಜಾಗಕ್ಕೆ ತೆಳುವಾಗಿ ಮೇಣ ಹಚ್ಚಿ ಒಣಗಿದ ಬಟ್ಟೆಯಿಂದ ತೀಡಬೇಕು. ತೊಳೆಯುವಾಗ ಹೋದ ರಕ್ಷಣೆ ಹೀಗೆ ಮರಳುತ್ತದೆ. ಹೊಸದಾಗಿ ಬಣ್ಣ ಹೊಡೆಸಿದ ಭಾಗವಾದರೆ ಅದು ಪೂರ್ತಿ ಗಟ್ಟಿಯಾಗುವವರೆಗೆ ಕೆಲವು ವಾರ ಕಾಯುವುದು ಲೇಸು. ಹೀಗೆ ಕೊನೆಗೊಮ್ಮೆ ಮೆರುಗು ಕೊಡುವ ಕ್ರಿಯೆಗೆ ಹಳಗನ್ನಡದಲ್ಲಿ ‘ಒಪ್ಪವಿಡು’ ಎಂಬ ಮಾತಿದೆ. ಒಪ್ಪವೆಂದರೆ ಮೆರುಗು, ಕಾಂತಿ. ಚಿನ್ನದ ಕೆಲಸ ಮುಗಿಯುತ್ತಿದ್ದುದೂ ಒಪ್ಪವಿಟ್ಟ ಮೇಲೆಯೇ. ಅದಕ್ಕೆ ಬಲ ಬೇಕಿಲ್ಲ. ಮೊದಲು ಕಲೆಯ ಸ್ವಭಾವವನ್ನು ತಿಳಿದು, ಅದಕ್ಕೆ ತಕ್ಕುದನ್ನು ಆರಿಸಿ, ನೆನೆಯಲು ಹತ್ತು ನಿಮಿಷ ಬಿಟ್ಟವರ ಕೈಗೆ ಅದು ಸಿದ್ಧಿಸುತ್ತದೆ.